ಮಲಾವಿಯ ಹಳ್ಳಿಗೆ ಮೂರು ತಿಂಗಳು, ಮಕ್ಕಳ ಪೌಷ್ಟಿಕತೆ ಕೆಲಸ: ಹೋಗಲಾ, ಬೇಡವಾ?

ಬೆಳ್ಳಿಚುಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಫುಡ್ ಅಂಡ್ ನ್ಯೂಟ್ರಿಷನ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೀನಿ. ಬೆಳಗ್ಗೆಯಿಂದ ಸಂಜೆವರೆಗೆ ಸಕ್ಕರೆ ಕಾಯಿಲೆಯವರಿಗೆ ಚಾರ್ಟ್ ಬರೆದುಕೊಡೋದು, ಅವರು ಅದನ್ನ ಮಡಚಿ ಜೇಬಿಗೆ ಹಾಕ್ಕೊಳ್ಳೋದು. ಓದೋವಾಗ ಮಕ್ಕಳ ಅಪೌಷ್ಟಿಕತೆ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಆ ಕಡೆ ಕೆಲಸ ಮಾಡಬೇಕು ಅನ್ನೋ ಹುಚ್ಚು ಇನ್ನೂ ಬಿಟ್ಟಿಲ್ಲ.

ಈಗ ಒಂದು ವಿದೇಶಿ ಸಂಸ್ಥೆ ಆಫ್ರಿಕಾದ ಮಲಾವಿ ದೇಶದ ಡೆಡ್ಜಾ ಜಿಲ್ಲೆಗೆ ಸ್ವಯಂಸೇವಕರು ಬೇಕು ಅಂತ ಕರೆದಿದೆ. ಜನವರಿಯಿಂದ ಮಾರ್ಚ್. ವಿಮಾನದ ಖರ್ಚು ನಮ್ಮದೇ, ಅದರ ಮೇಲೆ ‘ಪ್ರೋಗ್ರಾಂ ಫೀ’ ಅಂತ ನನ್ನ ಕೆಲವು ತಿಂಗಳ ಸಂಬಳದಷ್ಟು ಕೇಳ್ತಿದ್ದಾರೆ. ಏನು ಕೆಲಸ ಅಂದ್ರೆ ಮಕ್ಕಳಿಗೆ ಗಂಜಿ ಬಡಿಸೋದು, ತೂಕ ನೋಡೋದು, ತಾಯಂದಿರಿಗೆ ಸಮತೋಲನ ಆಹಾರದ ಬಗ್ಗೆ ಹೇಳಿಕೊಡೋದು. ನಾನಂತೂ ಮೊಳಕೆ ಕಟ್ಟಿದ ಕಾಳಿನ ಹಿಟ್ಟು, ಶೇಂಗಾ ಉಂಡೆ ಅಂತ ಒಂದು ಪುಟ್ಟ ರೆಸಿಪಿ ಪುಸ್ತಕವನ್ನೇ ತಯಾರು ಮಾಡೋಕೆ ಕೂತಿದ್ದೀನಿ.

ಅಲ್ಲಿಗೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ. ನಿಜವಾಗಿ ಏನು ಕೆಲಸ ಇರುತ್ತೆ? ಭಾಷೆ ಬರದೆ ನಡೆಯುತ್ತಾ? ನಾನು ಸಸ್ಯಾಹಾರಿ, ಹೊಟ್ಟೆಗೆ ಏನು ಗತಿ? ಅಮ್ಮನಿಗೆ ಮಲೇರಿಯಾದ್ದೇ ಚಿಂತೆ. ಅವಳಿಗೆ ಆಫ್ರಿಕಾ ಅಂದ್ರೆ ಸೊಳ್ಳೆ, ಸಿಂಹ ಎರಡೇ.

ಖಾರಾಬೂಂದಿ:

ದುಡ್ಡು ಕೊಟ್ಟು ಬಿಟ್ಟಿ ಕೆಲಸ ಮಾಡೋದು ಅಂದ್ರೆ ಇದೇ. ಅವರಿಗೆ ಬೇಕಾಗಿರೋದು ನಿಮ್ಮ ಫೀಸು ಮತ್ತೆ ಮಗು ಎತ್ತಿಕೊಂಡ ನಿಮ್ಮ ಫೋಟೋ. ಆ ದುಡ್ಡನ್ನ ಅಲ್ಲಿನ ಯಾವುದಾದ್ರೂ ಆಸ್ಪತ್ರೆಗೆ ಕಳಿಸಿ ಮನೇಲಿರಿ.

ಲಿಲಾಂಗ್ವೆಅಕ್ಕ:

ಖಾರಾಬೂಂದಿಯವರೇ, ಅರ್ಧ ಸರಿ ಹೇಳಿದ್ರಿ. ಇನ್ನರ್ಧಕ್ಕೆ ನಾನು ಸ್ವಲ್ಪ ಉದ್ದ ಬರೀತೀನಿ, ಬೇಸರಿಸಬೇಡಿ.

ನಮ್ಮ ಯಜಮಾನ್ರ ಕೆಲಸದ ಮೇಲೆ ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಕೆಲವು ವರ್ಷ ಇದ್ವಿ. ನಾನು ಬ್ಯಾಂಕಿನಲ್ಲಿದ್ದವಳು, ಸ್ವಯಂ ನಿವೃತ್ತಿ ತಗೊಂಡು ಹೋಗಿದ್ದೆ. ಮನೇಲಿ ಕೂತು ತಲೆ ಕೆಟ್ಟು, ಪರಿಚಯದವರ ಮೂಲಕ ಡೆಡ್ಜಾ ಕಡೆಯ ಒಂದು ಹೆಲ್ತ್ ಸೆಂಟರಿಗೆ ವಾರವಾರ ಹೋಗೋಕೆ ಶುರು ಮಾಡಿದೆ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡಿಸೋ ಹೊರರೋಗಿ ವಿಭಾಗ ಅದು. ನಿನ್ನಷ್ಟು ಓದಿಕೊಂಡವಳಲ್ಲ ನಾನು ತಂಗಿ. ನನಗೆ ಬರ್ತಿದ್ದದ್ದು ಲೆಡ್ಜರ್ ಒಂದೇ. ಅಲ್ಲಿ ನನ್ನಿಂದ ಏನಾದ್ರೂ ಉಪಯೋಗ ಆಗಿದ್ದರೆ ಅದು ಆ ಲೆಡ್ಜರಿನಿಂದಲೇ.

ಮೊದಲು ಗಂಜಿ ಬಡಿಸೋದು, ತೂಕ ನೋಡೋದು ಅಂದಿದ್ದಾರಲ್ಲ, ಅದನ್ನ ಹೇಳ್ತೀನಿ. ಅದನ್ನ ಮಾಡೋಕೆ ಅಲ್ಲಿ ಜನ ಇದ್ದಾರೆ. ಪ್ರತಿ ಹಳ್ಳಿಗಳ ಗುಂಪಿಗೂ ಸರ್ಕಾರದ ಸಂಬಳದ ಒಬ್ಬ ಎಚ್‌ಎಸ್‌ಎ, ಅಂದ್ರೆ ಆರೋಗ್ಯ ಸಹಾಯಕ, ಇರ್ತಾನೆ. ಲಸಿಕೆ, ಮಲೇರಿಯಾ, ಕಾಲರಾ, ಎಲ್ಲಾ ಅವನ ತಲೆ ಮೇಲೆ. ಅವನ ಕೆಳಗೆ ಲೀಡ್ ಮದರ್ ಅಂತ ಊರಿನದೇ ತಾಯಂದಿರು. ಒಬ್ಬೊಬ್ಬಳಿಗೂ ಹತ್ತು ಹದಿನೈದು ಮನೆ. ಈ ಏರ್ಪಾಡು 1995ರಲ್ಲಿ ಪಕ್ಕದ ಮೊಜಾಂಬಿಕ್‌ನಲ್ಲಿ ಶುರುವಾಗಿ ಹಬ್ಬಿದ್ದು. ಇವರಿಗೆ ಸಂಬಳ ಇಲ್ಲ. ನಿಜವಾದ ಸ್ವಯಂಸೇವಕಿ ಅಂದ್ರೆ ಅವಳೇ. ಯಾವ ಮನೇಲಿ ಅತ್ತೆ ಬಿಗಿ, ಯಾರ ಗಂಡ ದಕ್ಷಿಣ ಆಫ್ರಿಕಾಕ್ಕೆ ದುಡಿಯೋಕೆ ಹೋದವನು ದುಡ್ಡು ಕಳಿಸೋದು ನಿಲ್ಲಿಸಿದ್ದಾನೆ, ಯಾವ ಮಗುವಿಗೆ ಮೂರು ದಿನದಿಂದ ಭೇದಿ, ಎಲ್ಲ ಅವಳಿಗೆ ಗೊತ್ತು. ತೋಳು ಅಳೆಯೋ ಮುವಾಕ್ ಪಟ್ಟಿ ಅವಳ ಕೈಲೂ ಇರುತ್ತೆ. ಎಡತೋಳಿನ ನಡುಭಾಗಕ್ಕೆ ಸುತ್ತಿ, 115 ಮಿಲಿಮೀಟರಿಗಿಂತ ಕಡಿಮೆ ಬಂದ್ರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ, 125ರವರೆಗೆ ಹಳದಿ, ಅದಕ್ಕೆ ಮೇಲೆ ಹಸಿರು. ನಿನಗಿದು ಪುಸ್ತಕದಲ್ಲಿ ಗೊತ್ತು. ಅವಳಿಗೆ ಬೆರಳಲ್ಲಿ ಗೊತ್ತು, ಪಟ್ಟಿ ಸುತ್ತೋ ಮೊದಲೇ ಬಣ್ಣ ಹೇಳಿಬಿಡ್ತಾಳೆ.

ಒಂದು ದಿನ ಹೇಗಿರುತ್ತೆ ಅಂತ ಹೇಳ್ತೀನಿ. ಬೆಳಕು ಹರಿಯೋ ಮೊದಲೇ ಹೊರಟ ತಾಯಂದಿರು ಏಳೂವರೆ ಎಂಟಕ್ಕೆಲ್ಲ ಬಂದು ಜಗಲಿ ಮೇಲೆ ಕಾಲು ಚಾಚಿ ಕೂತಿರ್ತಾರೆ, ಬೆನ್ನಿಗೆ ಚಿಟೆಂಜೆ ಬಟ್ಟೇಲಿ ಕಟ್ಟಿದ ಮಗು. ಶುರುವಿಗೆ ಹಾಡು. ಲೀಡ್ ಮದರ್ ಎದ್ದು ಚಪ್ಪಾಳೆ ತಟ್ಟಿ ಒಂದು ಸಾಲು ಎತ್ತಿದರೆ ಉಳಿದವರು ಸೊಲ್ಲು. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಪಾಯಿಖಾನೆಗೆ ಹೋಗಿಬಂದು ಕೈ ತೊಳಿ, ಎಲ್ಲ ಆ ಹಾಡಲ್ಲೇ. ಆಮೇಲೆ ತೊಲೆಗೆ ನೇತುಹಾಕಿದ ಗಡಿಯಾರದ ತಕ್ಕಡಿ. ಮಗುವಿಗೆ ಚಡ್ಡಿಯಂಥ ಚೀಲ ಹಾಕಿ ಕೊಕ್ಕೆಗೆ ಸಿಕ್ಕಿಸ್ತಾರೆ, ಅದು ಕೈಕಾಲು ಬಡೀತಾ ಊರು ಒಂದಾಗೋ ಹಾಗೆ ಅರಚುತ್ತೆ, ಮುಳ್ಳು ಕುಣಿಯುತ್ತೆ.

ಅರಚೋ ಮಗುವಿನ ಬಗ್ಗೆ ಭಯ ಬೇಡ. ಅರಚದೆ ಇರೋದಕ್ಕೆ ಹೆದರಬೇಕು. ಒಂದು ಮಗು, ಎರಡು ವರ್ಷದ್ದು ಇರಬಹುದು, ಕೆನ್ನೆ ತುಂಬಿಕೊಂಡು ಗುಂಡಗಿತ್ತು. ಕೂದಲು ಕೆಂಚು. ತಕ್ಕಡೀಲಿ ತೂಗಿದ್ರೂ ಹೂಂ ಇಲ್ಲ, ಹಾಂ ಇಲ್ಲ. ಎಚ್‌ಎಸ್‌ಎ ಅದರ ಎರಡೂ ಪಾದದ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡು ಒತ್ತಿ ತೆಗೆದ. ಎರಡು ಗುಳಿ ಬಿತ್ತು, ಹಾಗೇ ಉಳೀತು. ಕ್ವಾಷಿಯೋರ್ಕರ್, ಅಂದ್ರೆ ಮೈ ಊದಿಕೊಳ್ಳೋ ತೀವ್ರ ಅಪೌಷ್ಟಿಕತೆ. ಆ ಗುಂಡುಗುಂಡಗೆ ಇರೋದೆಲ್ಲ ನೀರು. ಮಲಾವಿಯಲ್ಲಿ ಹೀಗೆ ಊದಿಕೊಂಡು ಬರೋ ಮಕ್ಕಳು ಬಹಳ. ಎಲುಬು ಕಾಣೋ ಮಗುವನ್ನೇ ಹುಡುಕಿಕೊಂಡು ಬಂದ ಹೊರಗಿನವರ ಕಣ್ಣಿಗೆ ಇವು ಬೀಳೋದೇ ಇಲ್ಲ.

ಕೆಂಪು ಬಂದ, ಊತ ಇರೋ ಮಕ್ಕಳಿಗೆ ಹಸಿವಿನ ಪರೀಕ್ಷೆ. ಆರ್‌ಯುಟಿಎಫ್ ಪೊಟ್ಟಣ ಗೊತ್ತಲ್ಲ, ಹಾಗೇ ತಿನ್ನಿಸೋ ಚಿಕಿತ್ಸೆಯ ಆಹಾರ: ಶೇಂಗಾ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ನು. 92 ಗ್ರಾಂ, 500 ಕ್ಯಾಲೊರಿ. ತಾಯಿ ಅದನ್ನ ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ, ಮೂಲೆ ಕಚ್ಚಿ ಹರಿದು ಮಗುವಿನ ಬಾಯಿಗಿಡ್ತಾಳೆ. ತಿಂದ್ರೆ, ಬೇರೆ ತೊಂದರೆ ಏನೂ ಇಲ್ಲದಿದ್ರೆ, ಒಂದು ವಾರದ ಪೊಟ್ಟಣ ಕಟ್ಟಿಕೊಂಡು ಮನೆಗೆ. ತಿನ್ನದಿದ್ರೆ ಆಸ್ಪತ್ರೆಗೆ ದಾಖಲು. ಹಿಂದೆ ಎಲ್ಲ ಮಕ್ಕಳನ್ನೂ ವಾರಗಟ್ಟಲೆ ವಾರ್ಡಿನಲ್ಲಿಟ್ಟುಕೊಂಡು ಹಾಲು ಕುಡಿಸ್ತಿದ್ರಂತೆ. ತಾಯಿ ಅಲ್ಲಿ ಕೂತರೆ ಮನೇಲಿರೋ ಮಿಕ್ಕ ಮಕ್ಕಳು? ಹೊಲ? ಈ ಪೊಟ್ಟಣಕ್ಕೆ ನೀರು ಬೆರೆಸೋ ಹಾಗಿಲ್ಲ, ಕೆಡಲ್ಲ, ಮನೆಯಲ್ಲೇ ತಿನ್ನಿಸಬಹುದು. 1996ರಲ್ಲಿ ಆಂದ್ರೆ ಬ್ರಿಯಾಂ ಅನ್ನೋ ಫ್ರೆಂಚ್ ಮಕ್ಕಳ ಡಾಕ್ಟರು ಇದನ್ನ ರೂಪಿಸಿದ್ದು. ಮನೆಯಲ್ಲೇ ಚಿಕಿತ್ಸೆ ಅನ್ನೋ ಕ್ರಮವನ್ನ ಮೊದಮೊದಲು ಮಾಡಿ ನೋಡಿದ ಜಾಗಗಳಲ್ಲಿ ಇದೇ ಮಲಾವಿಯ ಡೋವಾ ಜಿಲ್ಲೆಯೂ ಒಂದು, 2002ರ ಬರಗಾಲದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಇದನ್ನ ಒಪ್ಪಿಕೊಂಡಿದ್ದು 2007ರಲ್ಲಿ. ಅಂದ್ರೆ ನೀನು ಕಲಿಸೋಕೆ ಅಂತ ಹೊರಟಿರೋ ದೇಶ ಜಗತ್ತಿಗೇ ಪಾಠ ಆದ ದೇಶ.

ಈಗ ರೆಸಿಪಿ ಪುಸ್ತಕ. ಬೇಜಾರು ಮಾಡ್ಕೋಬೇಡ. ಮೊಳಕೆ ಕಟ್ಟೋದು ಅವರಿಗೆ ಗೊತ್ತು, ಧಾನ್ಯ ಮೊಳಕೆ ಬರಿಸಿ ಒಣಗಿಸಿ ತೋಬ್ವಾ ಅಂತ ಹುಳಿಗಂಜಿಯಂಥ ಪಾನೀಯ ಮಾಡ್ತಾರೆ. ಶೇಂಗಾ ಪುಡಿ ಸೊಪ್ಪಿಗೆ, ಗಂಜಿಗೆ, ಎಲ್ಲಕ್ಕೂ ಹಾಕ್ತಾರೆ. ಮೆಕ್ಕೆಜೋಳ ಸೋಯಾ ಸೇರಿಸಿದ ಮಕ್ಕಳ ಹಿಟ್ಟು ಲಿಕುನಿ ಫಾಲಾ ಅಂತ ನಿನ್ನ ನನ್ನ ಕಾಲಕ್ಕಿಂತ ಹಳೇದು. ಆರು ಆಹಾರ ಗುಂಪಿನ ಪಟ ಹೆಲ್ತ್ ಸೆಂಟರಿನ ಗೋಡೆ ಮೇಲಿದೆ, ಯಾವ ತಾಯಿಯನ್ನ ಎಬ್ಬಿಸಿ ಕೇಳಿದ್ರೂ ಒಪ್ಪಿಸ್ತಾಳೆ. ಮೊಟ್ಟೆ ಕೊಡಬೇಕು ಅಂತ ಗೊತ್ತು. ಆದ್ರೆ ಆ ಮೊಟ್ಟೆ ಮರಿಯಾಗಬೇಕು, ಕೋಳಿಯಾಗಬೇಕು, ಮಗುವಿಗೆ ಜ್ವರ ಬಂದಾಗ ಮಾರಿ ಕಬಾಜಾ ಅನ್ನೋ ಬಾಡಿಗೆ ಸೈಕಲ್ಲಿನವನಿಗೆ ಕೊಡೋ ದುಡ್ಡಾಗಬೇಕು. ನನ್ನ ಬ್ಯಾಂಕಿನ ಭಾಷೇಲಿ ಆ ಕೋಳಿ ಅವಳ ಎಫ್‌ಡಿ. ಮಗುವಿಗೆ ಪ್ರೋಟೀನ್ ಕೊಡಮ್ಮಾ ಅಂತ ನೀನು ಹೇಳೋದು ಅದನ್ನ ಅವಧಿಗೆ ಮುಂಚೆ ಮುರಿಸು ಅಂದ ಹಾಗೆ.

ನೀನು ಹೋಗೋ ತಿಂಗಳುಗಳನ್ನ ನೋಡು. ಜನವರಿಯಿಂದ ಮಾರ್ಚ್. ಹೋದ ಏಪ್ರಿಲ್ ಮೇ ತಿಂಗಳಲ್ಲಿ ಬಂದ ಮೆಕ್ಕೆಜೋಳ ಮನೇಲಿ ಮುಗಿದಿರುತ್ತೆ, ಹೊಸದು ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿರುತ್ತೆ. ಸಂತೇಲಿ ಜೋಳದ ಬೆಲೆ ವಾರವಾರಕ್ಕೆ ಏರುತ್ತೆ. ಬೆಳ್ಳಗಿನ ನುಣುಪು ಹಿಟ್ಟು ಹೋಗಿ ಹೊಟ್ಟು ಸಮೇತ ಬೀಸಿದ್ದು ಬರುತ್ತೆ, ಕೊನೇಗೆ ಬರೀ ಹೊಟ್ಟೇ, ಮಡೇಯಾ ಅಂತಾರೆ. ಮಳೆ, ಮಲೇರಿಯಾ, ಭೇದಿ ಎಲ್ಲ ಅದೇ ಹೊತ್ತಿಗೆ. ರಿಜಿಸ್ಟರಿನಲ್ಲಿ ಹೊಸ ದಾಖಲೆ ಏರೋದೂ ಆಗಲೇ.

ಅದೇ ರಿಜಿಸ್ಟರು ನನ್ನ ಕೈಗೆ ಬಂತು. ಗುಣವಾದವರು, ತೀರಿಕೊಂಡವರು, ಮಧ್ಯದಲ್ಲಿ ಬಿಟ್ಟವರು, ಹೀಗೆ ಕಾಲಂ. ನೂರಕ್ಕೆ 75ಕ್ಕಿಂತ ಹೆಚ್ಚು ಗುಣ ಆಗಬೇಕು, ಸಾವು 10ಕ್ಕಿಂತ, ಬಿಟ್ಟವರು 15ಕ್ಕಿಂತ ಕಡಿಮೆ ಇರಬೇಕು ಅನ್ನೋದು ಅಂತಾರಾಷ್ಟ್ರೀಯ ಲೆಕ್ಕ. ನಮ್ಮಲ್ಲಿ ಗುಣ ಚೆನ್ನಾಗಿತ್ತು, ಬಿಟ್ಟವರ ಕಾಲಂ ಮಾತ್ರ ಮಳೆಗಾಲದಲ್ಲಿ ಉಬ್ಬುತ್ತಿತ್ತು. ಜಿಲ್ಲೆಯಿಂದ ಬಂದ ಸಾಹೇಬರೊಬ್ಬರು ‘ತಾಯಂದಿರಿಗೆ ತಿಳಿವಳಿಕೆ ಸಾಲದು’ ಅಂತ ಷರಾ ಬರೆದು ಹೋದರು. ನಾನು ಊರಿನ ಹೆಸರಿನ ಪ್ರಕಾರ ಎಣಿಸಿ ನೋಡಿದೆ, ಬ್ಯಾಂಕಿನವಳ ಚಪಲ. ಬಿಟ್ಟವರೆಲ್ಲ ಗುಡ್ಡದ ಆಚೆಯ ನಾಲ್ಕಾರು ಊರಿನವರೇ. ಲೀಡ್ ಮದರ್ ಹತ್ರ ಆ ಪಟ್ಟಿ ಓದಿದೆ. ಅವಳಿಗೆ ಆಶ್ಚರ್ಯವೇ ಇಲ್ಲ. ಆ ಊರುಗಳ ಹೆಂಗಸರು ಮಳೆಗಾಲದಲ್ಲಿ ಗಾನ್ಯುಗೆ ಹೋಗ್ತಾರೆ ಅಂದಳು. ಗಾನ್ಯು ಅಂದ್ರೆ ಬೇರೆಯವರ ಹೊಲದಲ್ಲಿ ಕಳೆ ಕೀಳೋ ದಿನಗೂಲಿ, ಎಷ್ಟೋ ಸಲ ಕೂಲಿ ಹಿಟ್ಟಿನ ರೂಪದಲ್ಲೇ. ಕ್ಲಿನಿಕ್ಕಿಗೆ ಬಂದ ದಿನ ಗಾನ್ಯು ಇಲ್ಲ, ಗಾನ್ಯು ಇಲ್ಲದ ದಿನ ರಾತ್ರಿ ಮನೆಯವರಿಗೆಲ್ಲ ನ್ಸೀಮಾ ಮುದ್ದೆ ಇಲ್ಲ. ಒಂದು ಮಗುವಿನ ಪೊಟ್ಟಣಕ್ಕೆ ಇಡೀ ಮನೆ ಉಪವಾಸ ಹಾಕೋಕೆ ಯಾವ ತಾಯಿ ಒಪ್ತಾಳೆ?

ಎಚ್‌ಎಸ್‌ಎ ಮತ್ತು ನರ್ಸು ಕೂತು ಮಾತಾಡಿ ಆ ಊರುಗಳವರಿಗೆ ಎರಡು ವಾರಕ್ಕೊಮ್ಮೆ, ಎರಡು ವಾರದ ಪೊಟ್ಟಣ ಅಂತ ಮಾಡಿದರು. ನಡುವಿನ ವಾರ ಲೀಡ್ ಮದರ್ ಮನೆಗೇ ಹೋಗಿ ತೋಳು ಅಳೆದು, ಪಾದ ಒತ್ತಿ ನೋಡಿ ಬರೋದು. ಬಿಟ್ಟವರ ಕಾಲಂ ಇಳೀತು. ಯಾರಿಗೂ ಏನೂ ಕಲಿಸಲಿಲ್ಲ.

ಹಾಗಾಗಿ ತಂಗಿ, ‘ತಿಳಿವಳಿಕೆ ಕೊಡೋಕೆ’ ಅಂತ ಹೋಗೋದಾದ್ರೆ ಬೇಡ. ಲಿಲಾಂಗ್ವೆ ಪಕ್ಕದ ಬುಂಡಾದಲ್ಲೇ ನ್ಯೂಟ್ರಿಷನ್ ಪದವಿ ಕೊಡೋ ಕಾಲೇಜಿದೆ, ಅಲ್ಲಿನ ಜನರಾಡೋ ಚಿಚೇವಾ ತಾಯಿಭಾಷೆಯಾಗಿರೋ ಹುಡುಗಿಯರು ಅಲ್ಲಿಂದ ಓದಿ ಹೊರಗೆ ಬರ್ತಿದ್ದಾರೆ. ಅವರಿರೋವಾಗ ನೀನ್ಯಾಕೆ ಅಂತ ಆ ಸಂಸ್ಥೆಯನ್ನೇ ನೇರವಾಗಿ ಕೇಳು. ಜಿಲ್ಲಾ ಆರೋಗ್ಯ ಕಚೇರಿಗೆ ಈ ಕಾರ್ಯಕ್ರಮ ಗೊತ್ತಾ, ನಿನ್ನ ಮೇಲಿನವರು ಯಾರು, ಮಾರ್ಚ್ ಕಳೆದ ಮೇಲೆ ನಿನ್ನ ಕೆಲಸ ಯಾರು ಮಾಡ್ತಾರೆ, ಫೀಸಿನಲ್ಲಿ ಆ ಊರಿಗೆ ಎಷ್ಟು ಹೋಗುತ್ತೆ, ಇದನ್ನೂ ಕೇಳು. ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ ಅಂದ್ರೆ ಅಲ್ಲಿಗೇ ಕೈಬಿಡು.

ಗೋದಾಮುಗಾರ:

ಅಕ್ಕ ಹೇಳಿದ್ದರಲ್ಲಿ ಒಂದು ಮಾತು ಒಪ್ಪಲ್ಲ. ಹೊರಗಿನಿಂದ ಬಂದವರಿಂದ ಕಲಿಯೋದು ಏನೂ ಇಲ್ಲ ಅನ್ನೋ ಧ್ವನಿ ಕೇಳಿಸ್ತಿದೆ. ನಾನು ಮಲಾವಿಯ ದಕ್ಷಿಣದಲ್ಲಿ, ಚಿಕ್ವಾವಾ ಕಡೆ, ಸಾಗಾಟ ಮತ್ತು ದಾಸ್ತಾನಿನ ಕೆಲಸದಲ್ಲಿದ್ದೆ. ಸಂಬಳದ ಕೆಲಸ, ಸ್ವಯಂಸೇವೆ ಅಲ್ಲ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂದು ರಸ್ತೆ, ಸೇತುವೆ ಎಲ್ಲ ಕೊಚ್ಚಿಕೊಂಡು ಹೋದಾಗ ಬಂದ ಕೈ ಯಾವುದಾದರೂ ಸರಿ ಅನ್ನೋ ಸ್ಥಿತಿ ಇತ್ತು. ಕೆಲಸ ಗೊತ್ತಿರೋ ಹೊರಗಿನವನಿಗೆ ಅಲ್ಲಿ ಖಂಡಿತ ಜಾಗ ಇದೆ.

ಆದ್ರೆ ಅಂಥ ಕೆಲಸ ಬ್ರೋಶರಿನಲ್ಲಿ ಬರಲ್ಲ. ಆರ್‌ಯುಟಿಎಫ್‌ನ ಒಂದು ರಟ್ಟಿನ ಪೆಟ್ಟಿಗೇಲಿ 150 ಪೊಟ್ಟಣ, ಸುಮಾರು 14 ಕಿಲೋ. ಒಂದು ಮಗು ಗುಣ ಆಗೋಕೆ ಹೆಚ್ಚುಕಡಿಮೆ ಒಂದು ಪೆಟ್ಟಿಗೆ ಬೇಕು. ಅಂದ್ರೆ ನೂರು ಪೆಟ್ಟಿಗೆ ಕಾಣೆಯಾದರೆ ನೂರು ಮಕ್ಕಳು. ದಾಸ್ತಾನು ಚೀಟಿಯಲ್ಲಿ ಬಂದದ್ದು ಎಷ್ಟು, ಕೊಟ್ಟದ್ದು ಎಷ್ಟು, ಅವಧಿ ಮೊದಲು ಮುಗಿಯೋದು ಮೊದಲು ಹೊರಗೆ ಹೋಯಿತಾ, ಮಳೆ ಹಿಡಿದು ರಸ್ತೆ ಕೆಡೋ ಮುಂಚೆ ದೂರದ ಕೇಂದ್ರಗಳಿಗೆ ಸರಕು ಮುಟ್ಟಿತಾ, ಪೆಟ್ಟಿಗೆಗಳನ್ನ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಜೋಡಿಸಿದ್ದಾರಾ, ಇಲಿ ಕಡಿದಿದೆಯಾ. ಶೇಂಗಾ ವಾಸನೆಗೆ ಇಲಿ ಎಲ್ಲಿದ್ರೂ ಬರುತ್ತೆ! ಪೊಟ್ಟಣ ಸಂತೆಯಲ್ಲಿ ಮಾರಾಟಕ್ಕೆ ಬರೋದೂ ಉಂಟು, ಅದಕ್ಕೇ ಎಷ್ಟೋ ಕಡೆ ಖಾಲಿ ಪೊಟ್ಟಣ ವಾಪಸ್ ತಂದು ಎಣಿಸಿಕೊಡಬೇಕು.

ಡಯಟೀಷಿಯನ್ ಓದಿದವರಿಗೆ ಒಂದು ಒಳ್ಳೇ ಕೆಲಸ ಅಂದ್ರೆ ಅಳತೆ ಸರಿ ಇದೆಯಾ ನೋಡೋದು. ತಕ್ಕಡಿಯ ಮುಳ್ಳು ಬೆಳಗ್ಗೆ ಸೊನ್ನೆಗೆ ನಿಲ್ಲುತ್ತಾ, ಗೊತ್ತಿರೋ ತೂಕದ ಕಲ್ಲು ಹಾಕಿದರೆ ಸರಿಯಾಗಿ ತೋರಿಸುತ್ತಾ. ಎತ್ತರ ಅಳೆಯೋ ಹಲಗೆ ಮೇಲೆ ಎರಡು ವರ್ಷದೊಳಗಿನ ಮಗುವನ್ನ ಮಲಗಿಸಿದ್ದಾರಾ, ನಿಲ್ಲಿಸಿದ್ದಾರಾ. ಇಬ್ಬರು ಒಂದೇ ತೋಳು ಅಳೆದರೆ ಎಷ್ಟು ಮಿಲಿಮೀಟರು ವ್ಯತ್ಯಾಸ ಬರುತ್ತೆ. ಇದು ಬೋರ್ ಹೊಡೆಸುತ್ತೆ, ಫೋಟೋಗೆ ಬರಲ್ಲ.

ಲಿಲಾಂಗ್ವೆಅಕ್ಕ:

ಗೋದಾಮುಗಾರರೇ, ಜಗಳ ಎಲ್ಲಿದೆ ನಮ್ಮಿಬ್ಬರಿಗೆ? ನೀವು ಹೇಳೋ ಕೆಲಸಕ್ಕೆ ಹೋಗೋದಾದ್ರೆ ಅವಳನ್ನ ಬಸ್ ಸ್ಟ್ಯಾಂಡಿಗೆ ನಾನೇ ಬಿಟ್ಟುಬರ್ತೀನಿ. ಎತ್ತರದ ಹಲಗೆ ಅಂದ್ರಲ್ಲ, ಆ ಮಾತು ಇಲ್ಲಿ ಇನ್ನೂ ಸ್ವಲ್ಪ ಬೇಕು. ಮಲಾವಿಯಲ್ಲಿ ತೀರಾ ಬಡಕಲಾದ ಮಕ್ಕಳ ಪ್ರಮಾಣ ಅಷ್ಟು ದೊಡ್ಡದಲ್ಲ. 2015–16ರ ಸಮೀಕ್ಷೆ ಪ್ರಕಾರ ಐದು ವರ್ಷದೊಳಗಿನವರಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ನೂರಕ್ಕೆ 37, ಅದಕ್ಕೆ ಹಿಂದಿನ 2010ರದ್ದರಲ್ಲಿ 47. ಕುಳ್ಳಗಾದ ಮಗು ಕಣ್ಣಿಗೆ ಕಾಣಲ್ಲ, ಯಾಕಂದ್ರೆ ಪಕ್ಕದ ಮನೆಯದೂ ಅಷ್ಟೇ ಎತ್ತರ. ಆಟ ಆಡುತ್ತೆ, ನಗುತ್ತೆ, ನಿನ್ನ ಕೂದಲು ಮುಟ್ಟೋಕೆ ಓಡಿ ಬರುತ್ತೆ. ನೀನು ಅದಕ್ಕೆ ಎರಡು ವರ್ಷ ಅಂದ್ಕೋತೀಯ, ಹೆಲ್ತ್ ಪಾಸ್‌ಪೋರ್ಟ್ ಅಂತ ಅವರ ಹತ್ರ ಇರೋ ಪುಟ್ಟ ಪುಸ್ತಕ ತೆಗೆದ್ರೆ ಮೂರೂವರೆ. ಅದಕ್ಕೆ ಪೊಟ್ಟಣ ಇಲ್ಲ, ಮೂರು ತಿಂಗಳ ಸ್ವಯಂಸೇವಕಿಯೂ ಇಲ್ಲ. ಬಸುರಿನಿಂದ ಹಿಡಿದು ಎರಡು ವರ್ಷದವರೆಗೆ ಊಟ, ನೀರು, ಪಾಯಿಖಾನೆ, ಮಲೇರಿಯಾ, ಹೆರಿಗೆಯ ನಡುವಿನ ಅಂತರ, ಎಲ್ಲ ಸರಿಯಾಗಬೇಕು.

ಬೆಳ್ಳಿಚುಕ್ಕಿ:

ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರೆಸಿಪಿ ಪುಸ್ತಕ ಮುಚ್ಚಿಟ್ಟೆ. ಗೋದಾಮುಗಾರ ಸರ್ ಹೇಳಿದ ಅಳತೆಯ ಕೆಲಸ ನನಗೆ ಬರುತ್ತೆ, ಓದೋವಾಗ ಅದರಲ್ಲೇ ಮಾರ್ಕ್ಸ್ ತೆಗೆದಿದ್ದು. ಸಂಸ್ಥೆಗೆ ನಿಮ್ಮ ಪ್ರಶ್ನೆಗಳನ್ನೆಲ್ಲ ಮೇಲ್ ಮಾಡಿದ್ದೀನಿ. ಊಟ, ಮಲೇರಿಯಾ, ಬಟ್ಟೆಬರೆ ಬಗ್ಗೆ ಯಾರೂ ಹೇಳಲಿಲ್ಲ?

ರಾತ್ರಿಪಾಳಿ:

ನಾನು ವೈದ್ಯ, ಮಲಾವಿಗೆ ಹೋಗಿಲ್ಲ, ಹೋಗಿಬಂದವರನ್ನ ನೋಡಿದ್ದೀನಿ. ಅಮ್ಮನ ಚಿಂತೆ ಸರಿಯಾದದ್ದೇ. ಮಳೆಗಾಲದಲ್ಲಿ ಅಲ್ಲಿ ಮಲೇರಿಯಾ ಜೋರು, ಫ್ಯಾಲ್ಸಿಪಾರಂ ಜಾತಿಯದು, ಮಿದುಳಿಗೆ ಏರಬಲ್ಲದು. ಕ್ಲೋರೋಕ್ವಿನ್ ಇಟ್ಟುಕೊಂಡು ಹೋಗಬೇಡಿ, ರೋಗ ಅದಕ್ಕೆ ಬಗ್ಗದಂತಾಗಿ ಮಲಾವಿ ಅದನ್ನ 1993ರಲ್ಲೇ ಕೈಬಿಟ್ಟಿತು. ತಡೆಗೆ ಬೇರೆ ಮಾತ್ರೆಗಳಿವೆ: ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ದಿನಾಲೂ, ಮೆಫ್ಲೋಕ್ವಿನ್ ಆದರೆ ವಾರಕ್ಕೊಮ್ಮೆ. ಯಾವುದು ನಿಮಗೆ ಹೊಂದುತ್ತೆ ಅಂತ ನಿಮ್ಮ ವೈದ್ಯರು ಹೇಳಬೇಕು. ವಾಪಸ್ ಬಂದ ಕೂಡಲೇ ನಿಲ್ಲಿಸೋ ಹಾಗಿಲ್ಲ, ಡಾಕ್ಸಿ ಆದ್ರೆ ಬಂದ ಮೇಲೂ ನಾಲ್ಕು ವಾರ. ಬಂದು ತಿಂಗಳುಗಳಾದ ಮೇಲೆ ಜ್ವರ ಬಂದ್ರೂ ‘ಆಫ್ರಿಕಾಗೆ ಹೋಗಿದ್ದೆ’ ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಹಳದಿ ಜ್ವರ ಮಲಾವಿಯಲ್ಲಿ ಇಲ್ಲ, ಆದರೆ ವಿಮಾನ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುತ್ತೆ. ಅಲ್ಲಿ ಹೊತ್ತು ಹೆಚ್ಚಾದರೆ ಲಸಿಕೆಯ ಸರ್ಟಿಫಿಕೇಟ್ ಕೇಳಬಹುದು, ಭಾರತಕ್ಕೆ ವಾಪಸ್ ಬರೋವಾಗಲೂ ಕೇಳ್ತಾರೆ. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ, ಜೀವಮಾನಕ್ಕೆ ಒಂದೇ ಸಾಕು. ಮಲಾವಿ ಸರೋವರ ಎಷ್ಟೇ ಚಂದ ಕಂಡರೂ ಜೊಂಡಿನ ದಡದಲ್ಲಿ ಇಳಿಯಬೇಡಿ, ಬಸವನಹುಳದಿಂದ ಬಿಲ್‌ಹಾರ್ಜಿಯಾ ಅನ್ನೋ ಪರಾವಲಂಬಿ ಹುಳುವಿನ ರೋಗ ಹತ್ತುತ್ತೆ.

ಸಿಂಹದ ವಿಷಯ ನನ್ನ ವಿಭಾಗ ಅಲ್ಲ.

ಲಿಲಾಂಗ್ವೆಅಕ್ಕ:

ಊಟಕ್ಕೆ ಚಿಂತೆ ಮಾಡಬೇಡ. ನ್ಸೀಮಾ ಅಂದ್ರೆ ಬಿಳಿ ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಮೆಕ್ಕೆಜೋಳ ಕಣೇ, ನಮ್ಮ ಜೋಳ ಅಲ್ಲ. ಜೊತೆಗೆ ಹುರುಳಿಕಾಯಿಯ ಕೆಂಪು ಬೀಜ, ಕುಂಬಳ ಎಲೆಯ ಸೊಪ್ಪಿಗೆ ಶೇಂಗಾ ಪುಡಿ ಹಾಕಿ ಬೇಯಿಸಿದ್ದು. ಇದನ್ನ ತಿಂದರೆ ಮತ್ತೆ ಮತ್ತೆ ಕೇಳ್ತೀಯ. ನಂದೋಲೋ ಅಂತ ಕೇಳಿದರೆ ತೊಗರಿಯೇ ಕೊಡ್ತಾರೆ, ದೇಶದ ದಕ್ಷಿಣದಲ್ಲಿ ಬೆಳೆದದ್ದು. ಸೊಪ್ಪಿಗೆ ಒಣಮೀನು ಬಿದ್ದಿದೆಯಾ ಅಂತ ಮಾತ್ರ ಮೊದಲೇ ಕೇಳು. ಯಾರ ಮನೇಲಾದ್ರೂ ಊಟಕ್ಕೆ ಕೂರಿಸಿದ್ರೆ ಮೊದಲು ಕೈಗೆ ನೀರು ಹಾಕ್ತಾರೆ, ಬೇಡ ಅನ್ನಬೇಡ. ಆ ತಿಂಗಳುಗಳಲ್ಲಿ ನಿನಗೆ ಬಡಿಸೋದು ಅವರ ಮನೆಯ ಹಿಟ್ಟಿನ ಡಬ್ಬ ಬಳಿದು. ಸ್ವಲ್ಪ ತಿನ್ನು, ಹೊಗಳು, ಇನ್ನೊಂದು ದಿನ ಒಂದು ಸೋಪೋ ಸಕ್ಕರೆಯೋ ಉಪ್ಪೋ ತಗೊಂಡು ಹೋಗು. ಮಕ್ಕಳ ಗುಂಪಿಗೆ ಬಿಸ್ಕತ್ತು ಹಂಚೋ ಕೆಲಸ ಮಾತ್ರ ಇಟ್ಕೋಬೇಡ, ಮಾರನೇ ದಿನದಿಂದ ಎಚ್‌ಎಸ್‌ಎ ಮಾತು ಯಾರೂ ಕೇಳಲ್ಲ.

ಬಟ್ಟೆ: ಹಳ್ಳೀಲಿ ಮೊಣಕಾಲು ಮುಚ್ಚೋ ಲಂಗ, ಇಲ್ಲಾ ಪ್ಯಾಂಟಿನ ಮೇಲೆ ಚಿಟೆಂಜೆ ಸುತ್ತಿಕೋ. ಬಂಡಾ ಅಧ್ಯಕ್ಷರಾಗಿದ್ದ ಕಾಲದಲ್ಲಿ ಹೆಂಗಸರು ಪ್ಯಾಂಟು ಹಾಕೋಕೆ ಕಾನೂನೇ ಬಿಡ್ತಿರಲಿಲ್ಲ. ಈಗ ಲಿಲಾಂಗ್ವೆಯಲ್ಲಿ ಯಾರೂ ಕೇಳಲ್ಲ, ಹಳ್ಳಿಯ ಅಜ್ಜಿಯರು ಮಾತ್ರ ನೋಡ್ತಾರೆ. ಡೆಡ್ಜಾ ಗುಡ್ಡದ ಮೇಲಿನ ಊರು, ಮಳೆ ಹಿಡಿದರೆ ಚಳಿ. ಆಫ್ರಿಕಾ ಅಂತ ಬರೀ ಕಾಟನ್ ತಗೊಂಡು ಹೋದ್ರೆ ನಡುಗ್ತೀಯ, ಒಂದು ಸ್ವೆಟರ್ ಇರಲಿ. ರಬ್ಬರ್ ಬೂಟು ಅಲ್ಲೇ ಸಿಗುತ್ತೆ.

ಭಾಷೆ ಬರದೆ ತಾಯಂದಿರ ಹತ್ರ ಮಾತಾಡೋಕಾಗಲ್ಲ, ಅದನ್ನ ಒಪ್ಪಿಕೋ. ಆದ್ರೆ ನಮಸ್ಕಾರದ ಮಾತು ಕಲಿಯದೆ ಹೋಗಬೇಡ. ‘ಮುಲಿ ಬ್ವಾಂಜಿ’ ಅಂದ್ರೆ ಹೇಗಿದ್ದೀರಿ. ಅವರು ‘ನ್ದಿಲಿ ಬ್ವಿನೋ, ಕಾಯಾ ಇನು’ ಅಂತಾರೆ, ಚೆನ್ನಾಗಿದ್ದೀನಿ, ನೀವು ಹೇಗೆ ಅಂತ. ನೀನು ಮತ್ತೆ ಹೇಳಬೇಕು. ಅಂಗಡಿಯಾಗಲಿ ಆಫೀಸಾಗಲಿ, ಇದು ಮುಗಿಯದೆ ವಿಷಯಕ್ಕೆ ಬರೋ ಹಾಗಿಲ್ಲ. ನಾವು ಬಸ್ಸಿನಲ್ಲಿ ‘ಇದು ಎಲ್ಲಿಗೆ ಹೋಗುತ್ತೆ’ ಅಂತ ನುಗ್ಗಿ ಕೇಳ್ತೀವಲ್ಲ, ಅಲ್ಲಿ ಅದು ಒರಟುತನ. ಹೊಸ ಊರಿಗೆ ಹೋದ ಮೊದಲ ದಿನ ಊರಿನ ಮುಖ್ಯಸ್ಥರನ್ನ ಕಂಡು, ಯಾಕೆ ಬಂದೆ ಅಂತ ಹೇಳಿ, ಆಮೇಲೆ ಮುಂದಿನ ಕೆಲಸ. ಎಷ್ಟೋ ಊರಿನಲ್ಲಿ ಮುಖ್ಯಸ್ಥೆ ಹೆಂಗಸೇ ಆಗಿರ್ತಾಳೆ.

ಫೋಟೋ ಬಗ್ಗೆ ಒಂದೇ ಮಾತು. ಆ ಮಗುವಿನ ಜಾಗದಲ್ಲಿ ನಿನ್ನ ಅಣ್ಣನ ಮಗು ಬರೀ ಮೈಯಲ್ಲಿ ತಕ್ಕಡಿಗೆ ನೇತಾಡ್ತಿದ್ರೆ ಯಾರೋ ತೆಗೆದು ಸ್ಟೇಟಸ್‌ಗೆ ಹಾಕೋಕೆ ಬಿಡ್ತಿದ್ಯಾ?

ಬೆಳ್ಳಿಚುಕ್ಕಿ:

ಸಂಸ್ಥೆಯಿಂದ ಉತ್ತರ ಬಂತು, ಇಲ್ಲೇ ಹಾಕ್ತೀನಿ. ಜಿಲ್ಲಾ ಆರೋಗ್ಯ ಕಚೇರಿಯ ಜೊತೆ ಲಿಖಿತ ಒಪ್ಪಂದ ಇದೆ ಅಂತ ಪ್ರತಿ ಕಳಿಸಿದ್ದಾರೆ. ಪರ್ಮಿಟ್ ಅವರೇ ಮಾಡಿಸ್ತಾರೆ. ಫೀಸಿನ ವಿಂಗಡಣೆ ಕೇಳಿದ್ದಕ್ಕೆ ಅರ್ಧಕ್ಕೂ ಮೇಲೆ ವಸತಿ, ಓಡಾಟ ಮತ್ತು ‘ಆಡಳಿತ’. ಮಾರ್ಚ್ ಆದ ಮೇಲೆ ಯಾರು ಅನ್ನೋದಕ್ಕೆ ‘ಮುಂದಿನ ತಂಡದ ಸ್ವಯಂಸೇವಕರು’ ಅಂತ ಒಂದೇ ಸಾಲು. ಅಳತೆಯ ಗುಣಮಟ್ಟ ನೋಡೋ ಕೆಲಸ ಕೊಡ್ತೀರಾ ಅಂದಿದ್ದಕ್ಕೆ, ಆಗಬಹುದು, ಆದರೆ ವಾರಕ್ಕೆ ಎರಡು ದಿನ ಗಂಜಿ ಬಡಿಸೋ ಕಾರ್ಯಕ್ರಮದಲ್ಲಿ ಇರಲೇಬೇಕಂತೆ, ದಾನಿಗಳು ಬರ್ತಾರಂತೆ.

ಖಾರಾಬೂಂದಿ:

ಹೇಳಿದ್ನಲ್ಲ.

ಲಿಲಾಂಗ್ವೆಅಕ್ಕ:

‘ಮುಂದಿನ ತಂಡ’ ಅನ್ನೋ ಉತ್ತರ ನನಗೆ ಹಿಡಿಸಲಿಲ್ಲ. ಮೂರು ತಿಂಗಳಿಗೊಬ್ಬಳಂತೆ ಹೊಸ ಹುಡುಗಿ ಬಂದು ಹೊಸದಾಗಿ ‘ಮುಲಿ ಬ್ವಾಂಜಿ’ ಕಲಿಯೋದನ್ನ ಆ ಎಚ್‌ಎಸ್‌ಎ ಎಷ್ಟು ಸಲ ನೋಡಬೇಕು? ಒಪ್ಪಂದದ ಪ್ರತಿ ಕಳಿಸಿದ್ದಾರಲ್ಲ, ಅದರಲ್ಲಿ ಆ ಜಿಲ್ಲೆಯ ನ್ಯೂಟ್ರಿಷನ್ ಅಧಿಕಾರಿ ಹುದ್ದೆಯ ಹೆಸರು, ಕಚೇರಿ ವಿಳಾಸ ಇರುತ್ತೆ. ಅವರಿಗೇ ಒಂದು ಕಾಗದ ಬರಿ. ನಾನು ಇಂಥವಳು, ಇಷ್ಟು ಓದಿದ್ದೀನಿ, ಅಳತೆಯ ತರಬೇತಿ ಮತ್ತು ರಿಜಿಸ್ಟರ್ ಕೆಲಸಕ್ಕೆ ಬರಬಲ್ಲೆ, ನಿಮಗೆ ಯಾವ ತಿಂಗಳು, ಎಷ್ಟು ಕಾಲ ಬೇಕು ಅಂತ. ಮೇ ಆದ ಮೇಲೆ ಕೊಯ್ಲು ಮುಗಿದು ಎಲ್ಲರಿಗೂ ಬಿಡುವಿರುತ್ತೆ, ತರಬೇತಿಗೆಲ್ಲ ಅದೇ ಹದ. ಬೇಡ ಅಂದ್ರೆ ಬೇಡ. ಬಾ ಅಂದ್ರೆ ಆರು ತಿಂಗಳಿಗೆ ಕಡಿಮೆ ಹೋಗಬೇಡ. ಆಸ್ಪತ್ರೆಯಲ್ಲಿ ಅಷ್ಟು ರಜೆ ಕೊಡ್ತಾರಾ, ಮೊದಲು ಅದನ್ನ ವಿಚಾರಿಸು.